ಪಾಸ್‌ಪೋರ್ಟಿಗೆ ತೆಗೆಸಿದ ಫೋಟೋ

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಜಪಾನೀ ಭಾಷೆ ಕಲಿಯಲು ಟೋಕಿಯೋಗೆ ಹೊರಡುವ ಮುನ್ನ ನನ್ನನ್ನು ಒಂದೇ ಚಿಂತೆ ಕಾಡುತ್ತಿತ್ತು: ಕಪ್ಪು ಬಣ್ಣದ ಭಾರತೀಯಳೆಂದು ಅಲ್ಲಿಯವರು ನನ್ನನ್ನು ಕೀಳಾಗಿ ಕಂಡರೆ? ಆ ಚಿಂತೆಯಲ್ಲಿಯೇ ಮಂಡ್ಯದಲ್ಲಿ ಪಾಸ್‌ಪೋರ್ಟಿಗಾಗಿ ಫೋಟೋ ತೆಗೆಸಿದೆ. ಕೈಗೆ ಬಂದ ಚಿತ್ರದಲ್ಲಿದ್ದವಳು ಹಾಲಿನಷ್ಟು ಬೆಳ್ಳಗಿದ್ದಳು.

"ಇದು ನಾನಲ್ಲ" ಎಂದೆ.

"ನೀವೇ ಕಣವ್ವ. ಗಂಡಿನ ಕಡೆಗೆ ಕಳ್ಸೋ ಫೋಟೋಗೆಲ್ಲ ನೆಗೆಟಿವ್ ಮ್ಯಾಲೆ ಇಂಗೇ ಪೆನ್ಸಿಲ್ ಆಡ್ಸಿ ಬೆಳ್ಳಗೆ ಮಾಡ್ತೀನಿ" ಎಂದ ಫೋಟೋದವನು.

"ಇದು ಮದುವೆಗಲ್ಲ. ಮುಖ ಹೋಲದಿದ್ದರೆ ನನ್ನ ಪ್ರಯಾಣವೇ ನಿಲ್ಲುತ್ತದೆ."

"ಕರ್ರಗಿದ್ರೆ ಅಲ್ಲೋರು ತಾನೇ ಒಳಕ್ಕೆ ಬುಟ್ಕತಾರಾ?"

ಅವನ ದನಿಯಲ್ಲಿ ಕುಹಕವಿರಲಿಲ್ಲ, ಕಾಳಜಿಯಿತ್ತು. ಪೆನ್ಸಿಲ್ ಮುಟ್ಟಿಸದ ಫೋಟೋಗೆ ಅವನನ್ನು ಒಪ್ಪಿಸಲು ಮೂರು ಬಾರಿ ಅಲೆದೆ. ಆಮೇಲೆ ಜಪಾನೀಯರಿಗೆ ಹೆದರುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.