ಕೊಸರು ಚಿಕ್ಕಪ್ಪನ ಕೋವಿ

ನಮ್ಮ ಚಿಕ್ಕಪ್ಪ ದರ್ಜಿ. ಮನೆಮಂದಿಯೆಲ್ಲ ಕರೆಯುವುದು ಮಾತ್ರ ಕೊಸರು ಚಿಕ್ಕಪ್ಪ ಎಂದು. ನೆಂಟರಲ್ಲಿ ಯಾರು ಮಂಚ ಕೊಳ್ಳಲಿ, ಸೈಕಲ್ ಕೊಳ್ಳಲಿ, ಚೌಕಾಸಿಗೆ ಇವನೇ ಬೇಕು. ಇವನ ವರಸೆ ಒಂದೇ: ಮಾಲಿನಲ್ಲಿ ಒಂದು ಊನ ಹುಡುಕು, ಅದನ್ನೇ ಹಿಡಿದು ಜಗ್ಗು.

ಐವತ್ತು ದಾಟಿದ ಮೇಲೆ ಅವನಿಗೆ ಗುರಿ ಹೊಡೆಯುವ ಹುಚ್ಚು ಹತ್ತಿತು. ಊರಾಚೆಯ ಮೈದಾನದಲ್ಲಿ ಭಾನುವಾರ ಕೆಲವರು ಹಳೇ ಕಾಲದ ಕೋವಿ ಹಿಡಿದು ಸೇರುತ್ತಾರೆ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡಿಟ್ಟು, ಗಜ ಎಂಬ ಉದ್ದ ಕೋಲಿನಿಂದ ತಳದವರೆಗೆ ದೂಡಬೇಕು. ಹಿಂಬದಿಯ ಮೊಳೆಯ ಮೇಲೆ ಪುಟ್ಟ ಕೇಪು ಕೂರಿಸಬೇಕು. ಕುದುರೆ ಎಂಬ ಪುಟ್ಟ ಸುತ್ತಿಗೆ ಬಂದು ಬಡಿದರೆ ಕೇಪಿನ ಕಿಡಿ ಮದ್ದಿಗೆ ತಗಲುತ್ತದೆ. ಎರವಲು ಕೋವಿಯಲ್ಲಿ ಎಷ್ಟು ದಿನ ಎಂದು ಚಿಕ್ಕಪ್ಪ ಪರವಾನಗಿ ಮಾಡಿಸಿಕೊಂಡ. ಹೊಸ ರೈಫಲ್ಲಿನ ಬೆಲೆ ಕೇಳಿದ ಚಿಕ್ಕಮ್ಮ, ಅದರ ಬದಲು ನನ್ನನ್ನೇ ಮಾರಿ ಬನ್ನಿ ಎಂದಳು.

ಹಾಗಾಗಿ ಹಳೇ ಸಾಮಾನಿನ ಅಂಗಡಿಗೆ ಹೋದೆವು. ಗಡಿಯಾರ, ಕುರ್ಚಿಗಳ ನಡುವೆ ಒಂದು ಕೋವಿ ಒರಗಿತ್ತು. ಚಿಕ್ಕಪ್ಪ ಹಿಡಿಯನ್ನು ಕೆನ್ನೆಗಿಟ್ಟು ನೋಡಿದ. ಮರದಲ್ಲಿ ಸೀಳಿರಲಿಲ್ಲ, ಕುದುರೆ ಗಟ್ಟಿಯಾಗಿತ್ತು, ಟಾರ್ಚ್ ಬಿಟ್ಟರೆ ಬಾಯೊಳಗಿನ ಸುರುಳಿ ಗೀರು ಚೊಕ್ಕವಾಗಿ ಕಂಡಿತು. ಊನ ಸಿಗದೆ ಅವನ ಮುಖ ಬಾಡಿತು. ಕೊನೆಗೆ ಗಜವನ್ನು ನಳಿಗೆಯೊಳಗೆ ಇಳಿಸಿದ. ಮೂರು ಬೆರಳಗಲ ಹೊರಗೇ ನಿಂತಿತು. ಅವನ ಮುಖ ಅರಳಿತು.

"ಈ ಗಜ ಇದರದ್ದಲ್ಲ. ಬೇರೆ ಯಾವುದೋ ಕೋವಿದು ತಂದು ಸೇರಿಸಿದ್ದೀರಿ."

ಯಾರದೋ ಅಟ್ಟದಿಂದ ತಂದ ಮಾಲು, ಅಂಗಡಿಯವನಿಗೂ ಗೊತ್ತಿರಲಿಲ್ಲ. ಗೊಣಗುತ್ತಲೇ ಬೆಲೆ ಇಳಿಸಿದ.

ಮನೆಗೆ ಬಂದವನೇ ಹೆಚ್ಚಾದ ಮೂರು ಬೆರಳನ್ನು ಗರಗಸದಲ್ಲಿ ಕೊಯ್ದು, ಉಜ್ಜಿ ನಯ ಮಾಡಿದ. ಆ ವಾರವೆಲ್ಲ ಅಭ್ಯಾಸವೋ ಅಭ್ಯಾಸ. ಕಿಟಕಿ ಬಳಿ ಕಾಜಾ ಹೊಲಿಯುತ್ತ ಕೂತ ಚಿಕ್ಕಮ್ಮನ ಸ್ವೆಟರಿನ ಗುಂಡಿಗೆ ಗುರಿಯಿಟ್ಟು, ಕೇಪಿಲ್ಲದೆ, ಟಕ್ ಎಂದು ಕುದುರೆ ಬಿಡುವುದು. ಅವಳು ರೇಗಿದರೆ ಖಾಲಿ ಕೋವಿ ತಾನೆ ಎನ್ನುವುದು. ನಾನೂ ನಗುತ್ತಿದ್ದೆ.

ಭಾನುವಾರ ಮೈದಾನದಲ್ಲಿ ಗಜದ ಪ್ರತಾಪವನ್ನು ಕೊಚ್ಚಿಕೊಂಡ. ಅಲ್ಲಿ ಕಲಿಸುವ ಮೇಷ್ಟ್ರು ನಗುತ್ತಿದ್ದವರು ಥಟ್ಟನೆ ನಿಲ್ಲಿಸಿದರು. ಕೋವಿ ಇಸಕೊಂಡು ಬಾಯನ್ನು ಮಣ್ಣುದಿಬ್ಬದ ಕಡೆ ತಿರುಗಿಸಿದರು. ಗಜವನ್ನು ಒಳಗಿಳಿಸಿದರೆ ತುದಿ ನಳಿಗೆಯ ಬಾಯಿಗೆ ಸಮನಾಗಿ ನಿಂತಿತು. ಅದನ್ನೇ ಹೊರತೆಗೆದು ನಳಿಗೆಯ ಪಕ್ಕಕ್ಕೆ, ಬಾಯಿಗೆ ಸಮ ಮಾಡಿ ಹಿಡಿದರು. ಇನ್ನೊಂದು ತುದಿ ಕೇಪಿನ ಮೊಳೆಯನ್ನು ಮುಟ್ಟಲಿಲ್ಲ. ಮೂರು ಬೆರಳು ಈಚೆಗೇ ನಿಂತಿತು.

"ಗಜ ಸರಿಯಾಗೇ ಇತ್ತು," ಎಂದರು. "ಒಳಗೆ ಏನೋ ಕೂತಿದೆ."

ಎಲ್ಲರನ್ನೂ ದೂರ ಕಳಿಸಿ, ತುದಿಗೆ ತಿರುಪು ಇದ್ದ ಇನ್ನೊಂದು ಗಜದಿಂದ ಅವರು ನಿಧಾನ ಎಳೆದರು. ಚಿಂದಿಬಟ್ಟೆ ಬಂತು, ಸೀಸದ ಗುಂಡು ಬಂತು. ಆಮೇಲೆ ಕಪ್ಪು ಮದ್ದು ಉದುರಿತು, ಒಣಗಿದ್ದು. ಕೋವಿಯನ್ನು ದೂರವಿಟ್ಟು, ಒಂದು ಚಿಟಿಕೆಯನ್ನು ಕಲ್ಲಿನ ಮೇಲಿಟ್ಟು ಕಡ್ಡಿ ಗೀರಿದರು. ಬುಸ್ಸೆಂದು ಉರಿದುಹೋಯಿತು. ಯಾವ ಪುಣ್ಯಾತ್ಮ ಯಾವ ಕಾಲದಲ್ಲಿ ತುಂಬಿಟ್ಟಿದ್ದನೋ.

ಮನೆಗೆ ಬಂದವನೇ ಚಿಕ್ಕಪ್ಪ ಚಿಕ್ಕಮ್ಮನಿಗೆ ಎಲ್ಲ ಹೇಳಿದ. ಆಕಾಶ ಭೂಮಿ ಒಂದು ಮಾಡುತ್ತಾಳೆಂದು ನಾನು ಕಾದೆ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಬೆಳಿಗ್ಗೆ ಕೇಪು ಕೂರಿಸ್ಕೊಂಡು ಬಂದ್ರಲ್ಲ. ಸದ್ದು ಹೇಗಿದೆ ನೋಡ್ತೀನಿ, ಅಲ್ಲೇ ಕೂತಿರು ಅಂತ."

ಇದು ನನಗೆ ಗೊತ್ತೇ ಇರಲಿಲ್ಲ.

"ಕೆಳಗಿನ ಮನೆ ಮಗು ಈಗ ತಾನೇ ಮಲಗಿದೆ, ಎಬ್ಬಿಸ್ಬೇಡಿ ಅಂದೆ. ಅದಕ್ಕೆ ಬಿಟ್ರಿ."

"ಹೂಂ."

"ಮಗು ಎದ್ದಿದ್ದಿದ್ರೆ?"

ಚಿಕ್ಕಮ್ಮ ಎದ್ದು ಕೆಳಗಿಳಿದು ಹೋದಳು. ನಾನು ಇಣುಕಿದಾಗ ಆ ಮಗುವನ್ನು ಮಡಿಲಲ್ಲಿ ಅವುಚಿಕೊಂಡು ಅವರ ಮೆಟ್ಟಿಲ ಮೇಲೆ ಕೂತಿದ್ದಳು. ಅದು ಇಳಿಯಬೇಕೆಂದು ಕೊಸರಾಡುತ್ತಿತ್ತು, ಅವಳು ಬಿಡಲಿಲ್ಲ.