ಕ್ವಾರ್ಕನ್ನೂ ನಂಬದ ಸರ್

ಸಿಂದಗಿಯ ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ ಸರ್ ಅವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಚಹಾ ಕೊಟ್ಟರೆ ಮೊದಲು ಮೂಸಿ, ಆ ಅರೆಗಣ್ಣಿನಿಂದ ಕೊಟ್ಟವರನ್ನೊಮ್ಮೆ ನೋಡಿ, ಆಮೇಲೆ ಗುಟುಕರಿಸುತ್ತಿದ್ದರು. ಪ್ರಯೋಗದ ಉತ್ತರ ಪುಸ್ತಕದಲ್ಲಿದ್ದಂತೆಯೇ ಬಂತೋ, ನಮ್ಮ ಕಥೆ ಮುಗಿಯಿತು. "ಇಷ್ಟು ಛಲೋ ಹೆಂಗ ಬಂತು?" ಎಂದು ಮತ್ತೆ ಮಾಡಿಸುತ್ತಿದ್ದರು. ತಪ್ಪು ಮಾಡಿದವರನ್ನು ಬಿಟ್ಟು ಸರಿ ಮಾಡಿದವರನ್ನು ಕಾಡುವ ಗುರುವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಂದೆ ನಾನು ಸಂಶೋಧನೆಗೆ ಹಿಡಿದದ್ದು ಭಾರದ ಕ್ವಾರ್ಕುಗಳನ್ನು, ಪ್ರೋಟಾನಿಗಿಂತಲೂ ಒಳಗಿನ ಕಣಗಳಲ್ಲಿ ತೂಕದವನ್ನು. ದೊಡ್ಡ ನ್ಯೂಕ್ಲಿಯಸ್‌ಗಳನ್ನು ವಿಪರೀತ ವೇಗದಲ್ಲಿ ಡಿಕ್ಕಿ ಹೊಡೆಸಿದರೆ ಅವು ಕರಗಿ ಕ್ವಾರ್ಕು ಮತ್ತು ಕ್ವಾರ್ಕುಗಳನ್ನು ಅಂಟಿಸಿ ಹಿಡಿದ ಗ್ಲುವಾನುಗಳ ಕುದಿಯುವ ಸಾರಾಗುತ್ತವೆ. ಭಾರದ ಕ್ವಾರ್ಕು ಅದರಲ್ಲಿ ಎಲ್ಲ ಕಡೆಯಿಂದ ನೂಕಿಸಿಕೊಳ್ಳುತ್ತ, ತನ್ನ ಓಟ ಕಳೆದುಕೊಂಡು, ನಿಧಾನವಾಗಿ ಸಾರಿನ ಬಿಸಿಗೆ ಒಗ್ಗುತ್ತದೆ. ಸಾರು ಆರುವುದರೊಳಗೆ ಪೂರ್ತಿ ಒಗ್ಗುತ್ತದೆಯೇ ಎಂಬುದೇ ಪ್ರಶ್ನೆ. ಒಗ್ಗುತ್ತದೆ ಎಂದು ನನ್ನ ಲೆಕ್ಕ ಹೇಳಿತ್ತು. ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮೊದಲು ತೋರಿಸಲು ಮನಗೂಳಿಗೆ ಹೋದೆ. ನಿವೃತ್ತರಾದ ಸರ್ ಅಲ್ಲೇ ಇದ್ದರು. ನಿಜ ಹೇಳಬೇಕೆಂದರೆ ಹೊಗಳಿಸಿಕೊಳ್ಳಲೆಂದೇ ಹೋಗಿದ್ದೆ.

ನನ್ನ ಲೆಕ್ಕದ ನಕ್ಷೆಯನ್ನು ಅರೆಗಣ್ಣಿನಿಂದ ನೋಡಿದರು.

"ಕಾದ ಉಸುಕಿನ್ಯಾಗ ಜ್ವಾಳ ಚಟ್ಟಂತ ಅಳ್ಳಾಗತೈತಿ. ಶೇಂಗಾ ಅಷ್ಟ ಲಗೂ ಹುರೀತೈತೇನವಾ?"

"ಇಲ್ರಿ ಸರ. ಆದ್ರ ಲೆಕ್ಕ ಹಂಗ ಬಂದೈತ್ರಿ."

"ಸಾರಿನ್ಯಾಗ ಎಂಥಾ ಕ್ವಾರ್ಕ ಬಿಟ್ಟಿದ್ದಿ?"

"ನಿಧಾನ ಹೋಗೂವ ಅಷ್ಟರಿ. ಲೆಕ್ಕ ಸುಲಭ ಆಗತೈತಿ ಅಂತ."

"ಅಂದ್ರ ಅರ್ಧ ಒಗ್ಗಿದ್ದನ್ನ ಹಾಕಿ, ಪೂರಾ ಒಗ್ತು ಅಂತ ಬರದೀದಿ."

ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುದಿದೆ. ತಾವು ಮಾಡಲಾಗದ ಸಂಶೋಧನೆಯನ್ನು ಶಿಷ್ಯೆ ಮಾಡಿದಳಲ್ಲ, ಅದಕ್ಕೇ ಈ ಹೊಟ್ಟೆಕಿಚ್ಚು ಎಂದುಕೊಂಡೆ. ಅವರ ಬಾಯಿ ಮುಚ್ಚಿಸಬೇಕೆಂದೇ ಜೋರಾಗಿ ಓಡುವ ಕ್ವಾರ್ಕುಗಳನ್ನೂ ಸೇರಿಸಿ ಲೆಕ್ಕ ಹಾಕಿದೆ. ಅವು ಅರೆಬರೆ ಒಗ್ಗಿ ಹೊರಬಿದ್ದವು. ಪ್ರಬಂಧವನ್ನು ಮತ್ತೆ ಬರೆಯಬೇಕಾಯಿತು. ಬರೆದದ್ದು ಪರೀಕ್ಷಕರ ಎದುರು ಗಟ್ಟಿಯಾಗಿ ನಿಂತಿತು.

ಫೋನು ಮಾಡಿ ಹೇಳಿದೆ: "ಸರ, ಪೂರಾ ಒಗ್ಗಲಿಲ್ರಿ."

"ಈಗ ಒಂಚೂರು ನಂಬಬಹುದು," ಎಂದರು. "ಒಂಚೂರು ಅಂದೇನಿ ಮತ್ತ."

ಹೋದ ಚಳಿಗಾಲದಲ್ಲಿ ಸರ್ ತೀರಿಕೊಂಡರು. ನನ್ನ ಹೊಸ ಲೆಕ್ಕ ಈಗ ಮುಗಿದಿದೆ. ನಕ್ಷೆಯಲ್ಲಿ ಅದರ ಗೆರೆ ಪ್ರಯೋಗದ ಚುಕ್ಕಿಗಳ ಮೇಲೆಯೇ ಹಾದುಹೋಗುತ್ತದೆ. ಜೊತೆಯವರೆಲ್ಲ ಭೇಷ್ ಎನ್ನುತ್ತಿದ್ದಾರೆ, ಸಂಶೋಧನಾ ಪತ್ರಿಕೆಗೆ ಕಳಿಸಲು ಅವಸರ ಮಾಡುತ್ತಿದ್ದಾರೆ. ಅಷ್ಟೂ ಜನರಲ್ಲಿ ಒಬ್ಬರಾದರೂ, ಇಷ್ಟು ಛಲೋ ಹೆಂಗ ಬಂತು ಎಂದು ಕೇಳಲಿಲ್ಲ. ನಾನಿನ್ನೂ ಕಳಿಸಿಲ್ಲ.