ಅವ್ವನ ನಲವತ್ತು ಸೆಕೆಂಡು

ಅವ್ವ ಮಾತಾಡುವ ವಿಡಿಯೋ ನಮ್ಮಲ್ಲಿ ಒಂದೇ ಇದೆ. ನಲವತ್ತು ಸೆಕೆಂಡಿನದು. ಔರಾದಿನ ಮನೆಯ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದಾಳೆ. ಎದುರಿಗೆ ನಾನು ಫೋನು ಹಿಡಿದು ನಿಂತಿದ್ದೇನೆ. "ಅದೇನ್ ಹಿಡ್ಕೊಂಡ್ ನಿಂತೀಯೋ? ಓದ್ದವ್ರು ಮೊರ ಹಿಡದ್ರ ಡಿಗ್ರಿ ಕಡಿಮಿ ಆಗ್ತದೇನು?" ಎಂದು ನಗುತ್ತಾಳೆ, ಮತ್ತೆ ಕೇರಲು ತೊಡಗುತ್ತಾಳೆ. ಅಷ್ಟೇ.

ಆ ವಿಡಿಯೋ ಕೆಟ್ಟದ್ದು ನನ್ನಿಂದ. ಆಗ ನಾನು ಬೀದರಿನಲ್ಲಿ ಎಂ.ಎ. ಓದುತ್ತಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು. ಬ್ಯಾಂಕಿನ ಫಾರ್ಮು ತುಂಬುವುದರಿಂದ ಹಿಡಿದು ಫೋನಿನ ರೀಚಾರ್ಜಿನ ತನಕ ಮನೆಯಲ್ಲಿ ನನ್ನ ಮಾತೇ ಕೊನೆ. ಭಾಲ್ಕಿಗೆ ಕೊಟ್ಟ ಅಕ್ಕ ಏಳನೆಯದಕ್ಕೆ ಸಾಲಿ ಬಿಟ್ಟವಳು. ನನ್ನನ್ನು ಕೇಳದೆ ಫೋನಿನಲ್ಲಿ ಏನನ್ನೂ ಒತ್ತುತ್ತಿರಲಿಲ್ಲ. ಪರೀಕ್ಷೆಯ ನೋಟ್ಸಿಗೆ ಜಾಗ ಸಾಲದಾದಾಗ ನಾನು ಆ ವಿಡಿಯೋವನ್ನು ಇಂಟರ್ನೆಟ್ಟಿಗೆ ಹಾಕಿದೆ. ಡೇಟಾ ಉಳಿಯಲೆಂದು ಗುಣಮಟ್ಟವನ್ನು ಎಷ್ಟು ಇಳಿಸಲು ಬರುತ್ತದೋ ಅಷ್ಟೂ ಇಳಿಸಿದೆ. ಆಮೇಲೆ ಅಸಲಿಯನ್ನು ಅಳಿಸಿದೆ. ಅಕ್ಕನ ಫೋನಿಗೂ ಒಂದು ಕಳಿಸಿದ್ದೆ. ಅವಳ ಫೋನೂ ತುಂಬಿತ್ತು.

"ನಂದೂ ತೆಗಿಲೇನು ತಮ್ಮಾ?" ಎಂದು ಕೇಳಿದಳು.

"ತೆಗಿ ಅಕ್ಕಾ. ಇಂಟರ್ನೆಟ್‌ನ್ಯಾಗ ಹಾಕಿದ್ದು ಎಲ್ಲಿಗೂ ಹೋಗಂಗಿಲ್ಲ" ಎಂದೆ.

ಅದೇ ವರ್ಷ ಅವ್ವ ತೀರಿಕೊಂಡಳು. ವಿಡಿಯೋ ಹಾಕಿದಲ್ಲೇ ಇತ್ತು. ತೆರೆದರೆ ಅವ್ವನ ಮುಖವಿರಬೇಕಾದ ಜಾಗದಲ್ಲಿ ಕಂದು ಚೌಕಗಳು ಅಲುಗುತ್ತಿದ್ದವು.

ಈಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬೀದರಿನ ನೌಬಾದದಲ್ಲಿ ಬಾಡಿಗೆ ಮನೆ, ಒಬ್ಬನೇ. ಎಷ್ಟೋ ಭಾನುವಾರ ಹಾಲಿನವನಿಗೆ "ಅರ್ಧಾ ಲೀಟರ್" ಅಂದದ್ದು ಬಿಟ್ಟರೆ ಬಾಯಿಂದ ಇನ್ನೊಂದು ಮಾತು ಹೊರಡುವುದಿಲ್ಲ. ಅಂಥ ಭಾನುವಾರಗಳಲ್ಲೇ ಅವ್ವನ ಮುಖ ವಾಪಸು ತರಬೇಕೆಂದು ಹಟ ಹುಟ್ಟಿತು. ಮೊದಲು ಚಿದ್ರಿಯ ಒಂದು ಫೋಟೋ ಸ್ಟುಡಿಯೋಗೆ ಹೋದೆ.

"ಅಸಲಿ ಎಲ್ಲಿ ಅದರಿ ಸರ್?" ಎಂದ ಸ್ಟುಡಿಯೋದವನು. ಅಳಿಸಿದೆ ಎಂದೆ. "ಇಷ್ಟ್ ಓದೀರಿ, ಅಸಲಿ ಯಾರರ ಅಳಸ್ತಾರೇನ್ರಿ?" ಎಂದು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಈಗ ಹೊಸ ಸಾಫ್ಟ್‌ವೇರ್ ಬಂದಾವ್ರಿ. ಮುಖ ತಾನೇ ಸಾಫ್ ಮಾಡ್ತಾವ. ಬಿಟ್ಟು ಹೋಗ್ರಿ, ಮಾಡಿ ಇಡ್ತೀನಿ."

ಬಿಟ್ಟು ಬರಲು ಮನಸ್ಸಾಗಲಿಲ್ಲ. ಆ ಸಾಫ್ಟ್‌ವೇರಿನ ಹೆಸರು ಬರೆಸಿಕೊಂಡು ಬಂದು ನಾನೇ ಕಲಿತೆ. ಬೆಳಕು ಹೆಚ್ಚಿಸಿದೆ. ನನ್ನ ಕೈ ನಡುಗಿ ಅಲ್ಲಾಡುತ್ತಿದ್ದ ಚಿತ್ರವನ್ನು ನಿಲ್ಲಿಸಿದೆ. ಮೊರದ ಸದ್ದು ತಗ್ಗಿಸಿದೆ; ಹೆಚ್ಚು ತಗ್ಗಿಸಿದರೆ ಅವ್ವ ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತಿತ್ತು, ಮತ್ತೆ ಸ್ವಲ್ಪ ಏರಿಸಿದೆ. ಕೊನೆಗೆ ಮುಖ. ಚೌಕಗಳು ಕರಗಿ ಕಣ್ಣು, ಮೂಗು, ಹಲ್ಲು ಮೂಡಿದವು. ನಿಲ್ಲಿಸಿ ನಿಲ್ಲಿಸಿ ನೋಡಿದೆ. ಸಿಕ್ಕಳು ಅನ್ನಿಸಿತು. ಯಾರಿಗಾದರೂ ತೋರಿಸಬೇಕೆಂದು ಎದ್ದು ಬಾಗಿಲ ತನಕ ಹೋದೆ. ಪಕ್ಕದ ಮನೆಯವರ ಹೆಸರು ಕೂಡ ನನಗೆ ಗೊತ್ತಿರಲಿಲ್ಲ.

ಮರುವಾರ ಭಾಲ್ಕಿಗೆ ಬಸ್ಸು ಹತ್ತಿದೆ. ವಾಟ್ಸಾಪಿನಲ್ಲಿ ಕಳಿಸಿದರೆ ಮತ್ತೆ ಮಸುಕಾದೀತೆಂದು ಲ್ಯಾಪ್‌ಟಾಪನ್ನೇ ಹೊತ್ತುಕೊಂಡು ಹೋದೆ. ರೊಟ್ಟಿ ಬಡಿಯುತ್ತಿದ್ದ ಅಕ್ಕ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು. ನಲವತ್ತು ಸೆಕೆಂಡು ಮುಗಿಯಿತು.

"ಹ್ಯಾಂಗದ?" ಎಂದೆ.

"ಚಂದದ." ಪರದೆ ತೋರಿಸಿ ಕೇಳಿದಳು, "ಯಾರಿಕಿ?"

"ಏ ಅಕ್ಕಾ, ಚ್ಯಾಷ್ಟಿ ಮಾಡಬ್ಯಾಡ."

"ಚ್ಯಾಷ್ಟಿ ಅಲ್ಲೋ. ದನಿ ಅವ್ವಂದೇ ಅದ. ಗದ್ದದ ಮ್ಯಾಲಿನ ಹಚ್ಚಿ ಎಲ್ಲಿ?"

ಅವ್ವನ ಗದ್ದದ ಮೇಲೆ ಹಚ್ಚೆಯ ಹಸಿರು ಚುಕ್ಕೆಗಳಿದ್ದವು. ಚಿಕ್ಕಂದಿನಲ್ಲಿ ಹಾಕಿಸಿಕೊಂಡದ್ದು; ಅವಳ ಓರಗೆಯ ಹೆಂಗಸರಿಗೆಲ್ಲ ಇರುತ್ತಿತ್ತು. ಸಾಫ್ಟ್‌ವೇರ್ ಅದನ್ನು ಕಲೆ ಎಂದುಕೊಂಡು ಒರೆಸಿತ್ತು. ಯಂತ್ರದ ಮಾತು ಬಿಡಿ. ಅಷ್ಟು ಭಾನುವಾರ ಅದೇ ಮುಖದ ಮುಂದೆ ಕೂತ ಮಗನಿಗೆ ಅದು ಇಲ್ಲದ್ದು ತಿಳಿದಿರಲಿಲ್ಲ.

"ಅದೇನ್ ದೊಡ್ಡ ಮಾತಲ್ಲ, ನಾ ಮತ್ತ ಕೂಡಸ್ತೀನಿ" ಎಂದೆ. "ಎಷ್ಟ್ ಚುಕ್ಕಿ ಇದ್ದವು?"

ಅಕ್ಕ ತಿರುಗಿ ನನ್ನನ್ನು ನೋಡಿದಳು. "ನಿನಗ ಗೊತ್ತಿಲ್ಲಾ?"

ಐದನೆಯ ತರಗತಿಯಿಂದ ಹಾಸ್ಟೆಲಿನಲ್ಲಿದ್ದವನು ನಾನು. ರಜೆಗೆ ಬಂದರೂ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಅವ್ವ ಸದ್ದಾಗದಂತೆ ತಾಟು ಇಟ್ಟು ಹೋಗುತ್ತಿದ್ದಳು. ಆ ಓದಿನ ಬಗ್ಗೆ ನನಗೆ ನಾಚಿಕೆಯಿಲ್ಲ. ನನಗಿಂತ ಹೆಚ್ಚು ಅದನ್ನು ಬಯಸಿದ್ದು ಅವ್ವನೇ. ಆದರೆ ಹೇನು ತೆಗೆಸಿಕೊಳ್ಳಲು ಅವಳ ತೊಡೆಯ ಮೇಲೆ ಮಲಗಿ, ಆ ಗದ್ದವನ್ನು ಕೆಳಗಿನಿಂದ ಗಂಟೆಗಟ್ಟಲೆ ನೋಡಿದವಳು ಅಕ್ಕ.

"ಹಳೇದ್ ತೋರ್ಸು" ಎಂದಳು.

ತೆರೆದೆ. ಅದೇ ಕಂದು ಚೌಕಗಳು. ಅಕ್ಕ ಪರದೆಗೆ ಮುಖ ತಾಗುವಷ್ಟು ಬಾಗಿ, ಹಿಟ್ಟು ಒಣಗಿದ ಬೆರಳಿಟ್ಟಳು.

"ಇಲ್ಲಿ ಅವ ನೋಡು. ಒಂದ್, ಎರಡ್, ಮೂರ್. ಕಾಣಸ್ಲತ್ತಾವಿಲ್ಲೋ?"

ಅವಳ ಬೆರಳಿನ ಸುತ್ತ ನನಗೆ ಕಂಡದ್ದು ಬರೀ ಕಂದು ಬಣ್ಣ.

"ಹೂಂ" ಎಂದೆ. "ಕಾಣಸ್ಲತ್ತಾವ."